ಬ್ಲೆಂಡರ್ ನಿಧಾನವಾಯಿತೇ? ದೂರು ಬರೆಯುವ ಬಗೆ

ಆ್ಯನಿಮೇಶನ್ ತಂತ್ರಾಂಶ ಕೆಲಸದ ನಡುವೆ ಪಟ್ಟನೆ ಮುಚ್ಚಿಕೊಂಡರೆ ಅದರ ಬಗ್ಗೆ ದೂರು ಕೊಡುವುದು ಅಷ್ಟೇನೂ ಕಷ್ಟವಲ್ಲ. ಯಾವ ಗುಂಡಿ ಒತ್ತಿದಾಗ ಹೀಗಾಯಿತು ಎಂದು ಹೇಳಬಹುದು. ಮುಚ್ಚುವ ಮುನ್ನ ತಂತ್ರಾಂಶವೇ ಬರೆದಿಟ್ಟ ಕ್ರ್ಯಾಶ್ ಲಾಗ್ ಕೂಡ ಹಲವು ಸಲ ಸಿಗುತ್ತದೆ. ನಿಧಾನವಾಗುವ ತೊಂದರೆ ಹೀಗೆ ಕೈಗೆ ಸಿಗುವುದಿಲ್ಲ. ನಿನ್ನೆ ಸರಾಗವಾಗಿ ಓಡುತ್ತಿದ್ದ ದೃಶ್ಯ ಇವತ್ತು ತಡವರಿಸುತ್ತದೆ, ಮೌಸ್ ಎಳೆದರೆ ಪಾತ್ರದ ಕೈ ಸ್ವಲ್ಪ ತಡವಾಗಿ ಹಿಂಬಾಲಿಸುತ್ತದೆ. ತೆರೆಯ ಮೇಲೆ ಒಂದು ದೋಷಸಂದೇಶವೂ ಬರುವುದಿಲ್ಲ. ಬಳಕೆದಾರರು ಬೇಸರದಿಂದ ‘ಹೊಸ ಆವೃತ್ತಿ ತುಂಬ ಸ್ಲೋ’ ಎಂದು ಬರೆದು ಕಳಿಸುತ್ತಾರೆ. ಅದನ್ನು ಓದುವ ಡೆವಲಪರ್‌ಗೆ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದೇ ತಿಳಿಯುವುದಿಲ್ಲ. ಕೊನೆಗೆ ಆ ದೂರು ಹಾಗೇ ಮುಚ್ಚಿಹೋಗುತ್ತದೆ.

ಇದನ್ನು ತಪ್ಪಿಸಲು ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ಎರಡು ಅಳತೆಗಳು ಮತ್ತು ಒಂದು ಸಣ್ಣ ಫೈಲ್ ಇದ್ದರೆ ಸಾಕು. ಅವನ್ನು ಹೊಂದಿಸಿಕೊಳ್ಳುವ ಬಗೆಯನ್ನು ಬ್ಲೆಂಡರ್ ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಬ್ಲೆಂಡರ್ ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನ ನಿಯೋಜಿಯೊ ಎಂಬ ಆ್ಯನಿಮೇಶನ್ ಸ್ಟುಡಿಯೊದಲ್ಲಿ, 1994ರಲ್ಲಿ, ಸ್ಟುಡಿಯೊದ ಒಳಬಳಕೆಗೆಂದು. ಬರೆದವರು ಟಾನ್ ರೋಸೆಂಡಾಲ್. ಮುಂದೆ ಅದನ್ನು ಮಾರುಕಟ್ಟೆಗೆ ತಂದ ಕಂಪನಿ 2002ರಲ್ಲಿ ಬಾಗಿಲು ಹಾಕಿತು. ಆಗ ಬಳಕೆದಾರರು ಏಳು ವಾರಗಳಲ್ಲಿ 1 ಲಕ್ಷ ಯೂರೊ ಚಂದಾ ಎತ್ತಿ ಅದರ ಮೂಲಸಂಕೇತವನ್ನು ಬಿಡಿಸಿಕೊಂಡರು. ಅದೇ ವರ್ಷ ಅಕ್ಟೋಬರ್ 13ರಂದು ಅದು ಗ್ನೂ ಜಿಪಿಎಲ್ ಪರವಾನಗಿಯಡಿ ಎಲ್ಲರದಾಯಿತು. 2025ರಲ್ಲಿ ಅತ್ಯುತ್ತಮ ಆ್ಯನಿಮೇಶನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಇದರಲ್ಲೇ. ಡಿಪ್ಲೊಮಾ ಓದುವ ಹುಡುಗಿ ಅಣ್ಣನಿಂದ ಪಡೆದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದೂ ಇದನ್ನೇ. ಇಷ್ಟು ಬಗೆಯ ಯಂತ್ರಗಳು ಯಾವ ಡೆವಲಪರ್‌ನ ಮೇಜಿನ ಮೇಲೂ ಇರುವುದಿಲ್ಲ. ಜೊತೆಗೆ, ಬ್ಲೆಂಡರ್ ನಿಮ್ಮ ಬಳಕೆಯ ಮಾಹಿತಿಯನ್ನು ತಾನಾಗಿ ಸಂಗ್ರಹಿಸಿ ಎಲ್ಲಿಗೂ ಕಳಿಸುವುದಿಲ್ಲ. ಖಾಸಗಿತನದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ನಿಮ್ಮ ಯಂತ್ರದಲ್ಲಿ ಅದು ಕುಂಟುತ್ತಿದೆ ಎಂಬ ಸುದ್ದಿ ನೀವೇ ಹೇಳದ ಹೊರತು ಡೆವಲಪರ್‌ಗಳಿಗೆ ತಲುಪುವುದೂ ಇಲ್ಲ.

ನಿಧಾನವಾಗಿರುವುದು ಯಾವುದು?

ಮೊದಲು ಇದನ್ನು ಬಿಡಿಸಿಕೊಳ್ಳಬೇಕು. ಫೈಲ್ ತೆರೆಯಲು ತಡವಾಗುತ್ತಿದೆಯೇ, ಪ್ಲೇ ಒತ್ತಿದಾಗ ತಡವರಿಸುತ್ತಿದೆಯೇ, ಮೂಳೆಯನ್ನು ತಿರುಗಿಸಿದಾಗ ಪಾತ್ರ ತಡವಾಗಿ ಬಾಗುತ್ತಿದೆಯೇ, ಅನ್‌ಡೂಗೆ ಕಾಯಬೇಕಾಗಿದೆಯೇ, ಅಥವಾ ಕೊನೆಯ ರೆಂಡರ್‌ಗೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆಯೇ? ಒಂದೊಂದರ ಹಿಂದೆಯೂ ಬೇರೆ ಬೇರೆ ಸಂಕೇತವಿದೆ, ಅದನ್ನು ನೋಡಿಕೊಳ್ಳುವವರೂ ಬೇರೆ. ಎಲ್ಲವನ್ನೂ ಒಂದೇ ದೂರಿನಲ್ಲಿ ತುರುಕಿದರೆ ಯಾರೂ ಅದನ್ನು ತಮ್ಮದೆಂದು ಎತ್ತಿಕೊಳ್ಳುವುದಿಲ್ಲ. ಒಂದು ದೂರಿಗೆ ಒಂದೇ ತೊಂದರೆ.

ಆ್ಯನಿಮೇಟರ್‌ಗಳನ್ನು ಹೆಚ್ಚು ಕಾಡುವುದು ಪ್ಲೇಬ್ಯಾಕ್. ಒಂದು ಫ್ರೇಮ್ ಮೂಡಲು ಮುಖ್ಯವಾಗಿ ಎರಡು ಕೆಲಸಗಳು ನಡೆಯಬೇಕು. ಮೊದಲನೆಯದು ಲೆಕ್ಕ: ಮೂಳೆಗಳು ಎಲ್ಲಿವೆ, ಅವಕ್ಕೆ ಅಂಟಿದ ಚರ್ಮ ಹೇಗೆ ಬಾಗಿದೆ, ಬಟ್ಟೆ ಎಲ್ಲಿ ಮಡಿಚಿದೆ ಎಂಬುದನ್ನೆಲ್ಲ ಪ್ರೊಸೆಸರ್ ಲೆಕ್ಕ ಹಾಕುತ್ತದೆ. ಎರಡನೆಯದು ಚಿತ್ರಣ: ಆ ಫಲಿತಾಂಶವನ್ನು ಗ್ರಾಫಿಕ್ಸ್ ಕಾರ್ಡ್ ತೆರೆಯ ಮೇಲೆ ಬಿಡಿಸುತ್ತದೆ. ಇವೆರಡರಲ್ಲಿ ಎಡವುತ್ತಿರುವುದು ಯಾವುದು ಎಂದು ಪತ್ತೆಮಾಡಲು ಸುಲಭದ ಪರೀಕ್ಷೆಗಳಿವೆ. ಪ್ಲೇ ನಿಲ್ಲಿಸಿ ದೃಶ್ಯವನ್ನು ಸುಮ್ಮನೆ ಸುತ್ತಲೂ ತಿರುಗಿಸಿ ನೋಡಿ. ತಿರುಗಿಸುವಾಗ ಬೆಣ್ಣೆಯಂತೆ ಜಾರಿ, ಪ್ಲೇ ಒತ್ತಿದಾಗ ಮಾತ್ರ ತಡವರಿಸಿದರೆ ತೊಡಕು ಬಹುಮಟ್ಟಿಗೆ ಲೆಕ್ಕದಲ್ಲಿದೆ. ತಿರುಗಿಸುವಾಗಲೂ ತಡವರಿಸಿದರೆ ಚಿತ್ರಣವನ್ನು ಅನುಮಾನಿಸಬೇಕು. ಇನ್ನೊಂದು ಪರೀಕ್ಷೆ: ವ್ಯೂಪೋರ್ಟ್ ಕಿಟಕಿಯನ್ನು ಎಳೆದು ಅಂಗೈಯಷ್ಟಕ್ಕೆ ಕುಗ್ಗಿಸಿ. ಹಾಗೆ ಮಾಡಿದ ಕೂಡಲೇ ವೇಗ ಏರಿದರೆ ಗ್ರಾಫಿಕ್ಸ್ ಕಾರ್ಡ್ ಪಿಕ್ಸೆಲ್‌ಗಳ ಹೊರೆ ತಾಳದೆ ಬಳಲುತ್ತಿದೆ ಎಂದರ್ಥ. ಏನೂ ಬದಲಾಗದಿದ್ದರೆ ಮತ್ತೆ ಪಾತ್ರದ ಮೂಳೆಗಳ ಜೋಡಣೆಯಾದ ರಿಗ್‌ನತ್ತ ನೋಡಬೇಕು. ಈ ಎರಡು ಪರೀಕ್ಷೆಗಳ ಫಲಿತಾಂಶವನ್ನು ದೂರಿನಲ್ಲಿ ಬರೆದರೂ ಸಾಕು, ಅದು ಸರಿಯಾದವರ ಕೈಗೆ ಬೇಗ ಹೋಗುತ್ತದೆ.

ಅಳೆಯುವುದು

ಪ್ಲೇ ಒತ್ತಿದಾಗ ವ್ಯೂಪೋರ್ಟ್‌ನ ಮೇಲಿನ ಎಡಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಓಡುತ್ತಿದೆ ಎಂಬುದು ಕಾಣುತ್ತದೆ. ನಿಗದಿಯಾದ ವೇಗ ಸಿಗದಿದ್ದಾಗ ಆ ಅಂಕಿ ಕೆಂಪಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ದೃಶ್ಯವನ್ನು 24 ಫ್ರೇಮ್‌ಗೆ ಹೊಂದಿಸಿದ್ದರೆ ಯಂತ್ರಕ್ಕೆ 90 ಓಡಿಸುವ ಶಕ್ತಿಯಿದ್ದರೂ ಅಂಕಿ 24ರಲ್ಲೇ ನಿಲ್ಲುತ್ತದೆ. ಹಳೆಯ ಆವೃತ್ತಿ 90ರ ಶಕ್ತಿಯದು, ಹೊಸದು 30ರದು ಎಂದಿಟ್ಟುಕೊಂಡರೂ ಎರಡರಲ್ಲೂ ನಿಮಗೆ ಕಾಣುವುದು 24. ಆದ್ದರಿಂದ ಅಳೆಯುವಾಗ ಔಟ್‌ಪುಟ್ ವಿಭಾಗದಲ್ಲಿ ಫ್ರೇಮ್ ರೇಟನ್ನು ತಾತ್ಕಾಲಿಕವಾಗಿ 240ರಂಥ ದೊಡ್ಡ ಸಂಖ್ಯೆಗೆ ಏರಿಸಿ. ಟೈಮ್‌ಲೈನ್‌ನ ಪ್ಲೇಬ್ಯಾಕ್ ಪಟ್ಟಿಯಲ್ಲಿ ‘ಪ್ಲೇ ಎವರಿ ಫ್ರೇಮ್’ ಆಯ್ದುಕೊಳ್ಳಿ. ಅಲ್ಲಿ ‘ಫ್ರೇಮ್ ಡ್ರಾಪಿಂಗ್’ ಇದ್ದರೆ ಬ್ಲೆಂಡರ್ ಫ್ರೇಮ್‌ಗಳನ್ನು ಹಾರಿಸಿ ವೇಗ ಕಾಯ್ದುಕೊಳ್ಳುತ್ತದೆ, ಅಳತೆ ಕೆಡುತ್ತದೆ.

ಸಿಕ್ಕ ಸಂಖ್ಯೆಯನ್ನು ಮಿಲಿಸೆಕೆಂಡಿಗೆ ಬದಲಾಯಿಸಿ ಬರೆಯುವುದು ಒಳ್ಳೆಯದು. ಸಾವಿರವನ್ನು ಫ್ರೇಮ್ ಸಂಖ್ಯೆಯಿಂದ ಭಾಗಿಸಿದರೆ ಆಯಿತು: ಸೆಕೆಂಡಿಗೆ 24 ಫ್ರೇಮ್ ಎಂದರೆ ಒಂದೊಂದಕ್ಕೂ 41.7 ಮಿಲಿಸೆಕೆಂಡ್. ಇದರಿಂದ ಏನು ಲಾಭ? 60ರಿಂದ 50ಕ್ಕೆ ಇಳಿದರೆ ಹತ್ತು ಫ್ರೇಮ್ ಹೋಯಿತು ಎನಿಸುತ್ತದೆ. 24ರಿಂದ 20ಕ್ಕೆ ಇಳಿದರೆ ನಾಲ್ಕೇ ತಾನೆ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ. ಮೊದಲನೆಯದರಲ್ಲಿ ಪ್ರತಿ ಫ್ರೇಮಿಗೆ 16.7ರ ಬದಲು 20 ಮಿಲಿಸೆಕೆಂಡ್, ಹೆಚ್ಚಿದ್ದು 3.3. ಎರಡನೆಯದರಲ್ಲಿ 41.7ರ ಬದಲು 50, ಹೆಚ್ಚಿದ್ದು 8.3. ಸಣ್ಣದೆಂದು ಕಂಡದ್ದೇ ಎರಡೂವರೆ ಪಟ್ಟು ದೊಡ್ಡ ನಷ್ಟ. ಡೆವಲಪರ್ ಹುಡುಕಬೇಕಾಗಿರುವುದು ಹೀಗೆ ಕಳೆದುಹೋದ ಮಿಲಿಸೆಕೆಂಡುಗಳನ್ನೇ.

ಒಂದೇ ಸಲ ಅಳೆದು ಬಿಡಬೇಡಿ. ಫೈಲ್ ತೆರೆದ ಹೊಸತರಲ್ಲಿ ಶೇಡರ್‌ಗಳು ಕಂಪೈಲ್ ಆಗುತ್ತಿರುತ್ತವೆ, ಸಿಮ್ಯುಲೇಶನ್ ಇದ್ದರೆ ಅದರ ಕ್ಯಾಶ್ ತುಂಬುತ್ತಿರುತ್ತದೆ. ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯದೆ, ನಂತರದ ಮೂರು ಓಟಗಳಲ್ಲಿ ಮಧ್ಯದ ಅಂಕಿಯನ್ನು ತೆಗೆದುಕೊಳ್ಳಿ. ಫೈಲ್ ತೆರೆಯುವುದೇ ತಡವಾಗುತ್ತಿದೆ ಎಂಬುದು ನಿಮ್ಮ ದೂರಾದರೆ ಮಾತ್ರ ಮೊದಲ ಓಟವೇ ಮುಖ್ಯ. ರೆಂಡರ್ ವಿಷಯಕ್ಕೆ ಬಂದರೆ ಬ್ಲೆಂಡರ್ ತಾನೇ ಸಮಯ ತೋರಿಸುತ್ತದೆ, ಗಡಿಯಾರ ಹಿಡಿದು ಕೂರಬೇಕಾಗಿಲ್ಲ.

ತಪ್ಪು ಬ್ಲೆಂಡರ್‌ನದೇ?

ಇದನ್ನು ಖಚಿತಮಾಡಿಕೊಳ್ಳದೆ ದೂರು ಬರೆಯಬಾರದು. ಮೊದಲು ನೋಡಬೇಕಾದ್ದು ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿದೆಯೇ ಎಂದು. ಬ್ಯಾಟರಿಯ ಮೇಲೆ ಓಡುವಾಗ ಮತ್ತು ಬಿಸಿಯೇರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಅಳೆದದ್ದನ್ನು ಅದೇ ಯಂತ್ರದ ಬೆಳಗಿನ ಜಾವದ ಅಳತೆಯೊಂದಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಹೋಲಿಸುವ ಎರಡೂ ಅಳತೆಗಳನ್ನು ಒಂದೇ ಹೊತ್ತಿನಲ್ಲಿ, ಬ್ರೌಸರ್ ಮುಚ್ಚಿ, ಒಂದರ ಬೆನ್ನಿಗೆ ಒಂದರಂತೆ ಮಾಡಿ.

ಆಮೇಲೆ ಗ್ರಾಫಿಕ್ಸ್ ಕಾರ್ಡ್. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಇರುತ್ತವೆ: ಪ್ರೊಸೆಸರ್ ಜೊತೆಗೇ ಬರುವ ಸಾಧಾರಣದ್ದೊಂದು, ಪ್ರತ್ಯೇಕವಾದ ಬಲವಾದದ್ದೊಂದು. ಬ್ಲೆಂಡರ್ ಯಾವುದರ ಮೇಲೆ ಓಡಬೇಕೆಂದು ನಿರ್ಧರಿಸುವುದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂ ಮತ್ತು ಕಾರ್ಡ್‌ನ ಡ್ರೈವರ್. ಹೆಲ್ಪ್ ಮೆನುವಿನಲ್ಲಿರುವ ‘ರಿಪೋರ್ಟ್ ಎ ಬಗ್’ ಒತ್ತಿದರೆ ತೆರೆದುಕೊಳ್ಳುವ ಅರ್ಜಿಯಲ್ಲಿ ಆಪರೇಟಿಂಗ್ ಸಿಸ್ಟಂ, ಗ್ರಾಫಿಕ್ಸ್ ಕಾರ್ಡ್, ಬ್ಲೆಂಡರ್ ಆವೃತ್ತಿ ತಾವಾಗಿಯೇ ತುಂಬಿರುತ್ತವೆ. ಆ ಕಾರ್ಡ್‌ನ ಸಾಲನ್ನು ಗಮನಿಸಿ ಓದಿ. ಎನ್‌ವಿಡಿಯಾ ಕಾರ್ಡ್‌ಗೆ ಹಣ ಕೊಟ್ಟಿದ್ದೀರಿ, ಅಲ್ಲಿ ಇಂಟೆಲ್ ಎಂದಿದೆ ಎಂದಾದರೆ ನಿಮ್ಮ ತೊಂದರೆಯ ಮೂಲ ಅಲ್ಲೇ ಇರಬಹುದು. ವಿಂಡೋಸ್‌ನ ಗ್ರಾಫಿಕ್ಸ್ ಸೆಟಿಂಗ್ಸ್‌ನಲ್ಲಿ ಬದಲಾಯಿಸಿದರೆ ದೂರು ಬರೆಯುವ ಅಗತ್ಯವೇ ಬೀಳಲಿಕ್ಕಿಲ್ಲ.

ಆ್ಯಡ್-ಆನ್‌ಗಳೂ ಕಾರಣವಾಗಿರಬಹುದು. ಕೆಲವು ಆ್ಯಡ್-ಆನ್‌ಗಳು ಪ್ರತಿ ಫ್ರೇಮ್ ಬದಲಾದಾಗಲೂ ತಮ್ಮ ಪೈಥಾನ್ ಸಂಕೇತವನ್ನು ಓಡಿಸುತ್ತವೆ, ಅದು ನಿಮಗೆ ಕಾಣುವುದೂ ಇಲ್ಲ. ಫೈಲ್ ಮೆನುವಿನ ಡಿಫಾಲ್ಟ್ಸ್‌ನಲ್ಲಿ ‘ಲೋಡ್ ಫ್ಯಾಕ್ಟರಿ ಸೆಟಿಂಗ್ಸ್’ ಕೊಟ್ಟು, ಆಮೇಲೆ ನಿಮ್ಮ ಫೈಲ್ ತೆರೆದು ಅಳೆಯಿರಿ. ಶಾರ್ಟ್‌ಕಟ್‌ಗಳು, ಬಣ್ಣಗಳು ಹೋಗಿಬಿಟ್ಟವಲ್ಲ ಎಂದು ಗಾಬರಿಯಾಗಬೇಡಿ. ಪ್ರಿಫರೆನ್ಸ್ ಸೇವ್ ಮಾಡದೆ ಬ್ಲೆಂಡರ್ ಮುಚ್ಚಿ ತೆರೆದರೆ ಎಲ್ಲವೂ ಮರಳಿ ಬರುತ್ತವೆ. ಈ ಸ್ಥಿತಿಯಲ್ಲಿ ವೇಗ ಸರಿಹೋದರೆ ದೂರು ಹೋಗಬೇಕಾದದ್ದು ಆ ಆ್ಯಡ್-ಆನ್ ಬರೆದವರಿಗೆ.

ನೆನಪಿನ ಸಾಮರ್ಥ್ಯದ್ದು ಬೇಗ ಮುಗಿಯುವ ಮಾತು. ಬ್ಲೆಂಡರ್ 4ರ ಸರಣಿಗೆ ಕನಿಷ್ಠ 8 ಜಿಬಿ ರ್‍ಯಾಮ್ ಬೇಕು, 32 ಜಿಬಿ ಇದ್ದರೆ ಒಳ್ಳೆಯದು ಎಂದು ಅದರ ತಯಾರಕರೇ ಹೇಳುತ್ತಾರೆ. ರ್‍ಯಾಮ್ ತುಂಬಿ ಯಂತ್ರ ಡಿಸ್ಕ್‌ನತ್ತ ಓಡಿದ ಮೇಲೆ ನಿಧಾನವಾಗುವುದು ಯಾವ ತಂತ್ರಾಂಶದ ದೋಷವೂ ಅಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದು ನೋಡುವವರು ಮೋಸಹೋಗುವ ಒಂದು ಜಾಗವಿದೆ. ‘ಪ್ರೊಸೆಸರ್ ಬರೀ ಶೇ 12 ಬಳಕೆಯಾಗುತ್ತಿದೆ, ಆದರೂ ಬ್ಲೆಂಡರ್ ತೆವಳುತ್ತಿದೆ’ ಎನ್ನುತ್ತಾರೆ. ಯಂತ್ರದಲ್ಲಿ ಎಂಟು ಲಾಜಿಕಲ್ ಪ್ರೊಸೆಸರ್‌ಗಳಿದ್ದರೆ ಒಂದರ ಪಾಲು ನೂರರಲ್ಲಿ 12.5. ಅಂದರೆ ಒಂದು ಪೂರ್ತಿ ದುಡಿಯುತ್ತಿದೆ, ಉಳಿದ ಏಳು ಅದರ ಕೆಲಸ ಮುಗಿಯುವುದನ್ನೇ ಕಾಯುತ್ತಿವೆ. ಇದು ಬಹಳ ಬೆಲೆಯುಳ್ಳ ಸುಳಿವು. ಕೆಲಸ ಹಂಚಿಕೆಯಾಗದೆ ಒಂದೇ ಕಡೆ ಸಾಲುಗಟ್ಟಿದೆ ಎಂದು ಇದರಿಂದ ತಿಳಿಯುತ್ತದೆ. ಪ್ರೊಸೆಸರ್ ಗ್ರಾಫ್ ಮೇಲೆ ಬಲಗುಂಡಿ ಒತ್ತಿ ಲಾಜಿಕಲ್ ಪ್ರೊಸೆಸರ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವಂತೆ ಮಾಡಿ, ಆ ಚಿತ್ರವನ್ನು ದೂರಿಗೆ ಲಗತ್ತಿಸಿ.

ಹೀಗೆ ಸಾಲುಗಟ್ಟಲು ಕಾರಣವಾಗುವ ಒಂದು ಸಂಗತಿಯನ್ನು ಹತ್ತಿರದಿಂದ ನೋಡೋಣ. ರಿಗ್‌ಗಳಲ್ಲಿ ಒಂದು ಗುಣದ ಬೆಲೆ ಇನ್ನೊಂದನ್ನು ನಡೆಸುವಂತೆ ಡ್ರೈವರ್‌ಗಳನ್ನು ಹಾಕುತ್ತೇವೆ (ಗ್ರಾಫಿಕ್ಸ್ ಕಾರ್ಡ್‌ನ ಡ್ರೈವರ್ ಬೇರೆ, ಇದು ಬೇರೆ). ಮೊಣಕೈ ಮಡಿಚಿದಷ್ಟೂ ತೋಳು ಉಬ್ಬಬೇಕು ಎಂಬಂಥ ನಂಟು ಅದು. ಡ್ರೈವರ್‌ನ ಸೂತ್ರ ಸರಳವಾಗಿದ್ದರೆ, ಕೂಡುವುದು, ಗುಣಿಸುವುದು, ಸೈನ್, ಮ್ಯಾಕ್ಸ್, ಕ್ಲ್ಯಾಂಪ್ ಇಷ್ಟರಲ್ಲೇ ಮುಗಿದರೆ, ಬ್ಲೆಂಡರ್ ಅದನ್ನು ತಾನೇ ನೇರವಾಗಿ ಲೆಕ್ಕ ಹಾಕುತ್ತದೆ. ಅದರಾಚೆಗೆ ಏನಾದರೂ ಬರೆದರೆ ಪೈಥಾನ್ ಇಂಟರ್‌ಪ್ರಿಟರನ್ನು ಕರೆಯಬೇಕಾಗುತ್ತದೆ. ಪೈಥಾನ್ ಅಲ್ಲಿ ಒಂದು ಹೊತ್ತಿಗೆ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. ಮುಖದ ರಿಗ್‌ನಲ್ಲಿ ಇಂಥ ನೂರಾರು ಡ್ರೈವರ್‌ಗಳಿದ್ದರೆ ಎಲ್ಲವೂ ಒಂದೇ ಬಾಗಿಲಿನ ಮುಂದೆ ಸರದಿ ನಿಲ್ಲುತ್ತವೆ. ಡ್ರೈವರ್ ಎಡಿಟರ್‌ನಲ್ಲಿ ‘ಸ್ಲೋ ಪೈಥಾನ್ ಎಕ್ಸ್‌ಪ್ರೆಶನ್’ ಎಂಬ ಎಚ್ಚರಿಕೆ ಬರುವುದು ಇದಕ್ಕೇ. ಅದು ಕಂಡರೆ ಮೊದಲು ಸೂತ್ರವನ್ನು ಸರಳಗೊಳಿಸಿ ನೋಡಿ.

ಹಳೆಯದರ ಜೊತೆ ಹೋಲಿಕೆ

ನನ್ನ ಮಟ್ಟಿಗೆ ಇಡೀ ದೂರಿನ ಜೀವಾಳ ಇದೇ. ‘ನಿಧಾನ’ ಎಂದರೆ ಯಾವುದಕ್ಕಿಂತ ಎಂಬ ಪ್ರಶ್ನೆ ಏಳುತ್ತದೆ. ನಲವತ್ತು ಲಕ್ಷ ಮುಖಗಳ ಮಾದರಿ ಸಾಧಾರಣ ಯಂತ್ರದಲ್ಲಿ ನಿಧಾನವಾಗಿ ಓಡಿದರೆ ಅದನ್ನು ಬಗ್ ಎಂದು ಯಾರೂ ಒಪ್ಪುವುದಿಲ್ಲ. ಅದೇ ಫೈಲ್, ಅದೇ ಯಂತ್ರ, ಹಳೆಯ ಆವೃತ್ತಿಯಲ್ಲಿ ವೇಗ, ಹೊಸದರಲ್ಲಿ ನಿಧಾನ ಎಂದು ತೋರಿಸಿದರೆ ಕತೆಯೇ ಬೇರೆ. ಅದು ರಿಗ್ರೆಶನ್, ಅಂದರೆ ಸರಿಯಿದ್ದದ್ದು ಕೆಟ್ಟಿದ್ದು. ಅಂಥದ್ದಕ್ಕೆ ಡೆವಲಪರ್‌ಗಳು ಬೇಗ ಕಿವಿಗೊಡುತ್ತಾರೆ. ಬಗ್ ಅರ್ಜಿಯಲ್ಲಿ ‘ಕೆಟ್ಟಿರುವ ಆವೃತ್ತಿ’, ‘ಸರಿಯಿದ್ದ ಆವೃತ್ತಿ’ ಎಂದು ಎರಡು ಜಾಗ ಬಿಟ್ಟಿರುವುದೇ ಈ ಕಾರಣಕ್ಕೆ. ಎರಡನೆಯದನ್ನು ಬಹಳ ಜನ ಖಾಲಿ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಹೋಲಿಸುವುದು ಕಷ್ಟವೂ ಅಲ್ಲ. ಬ್ಲೆಂಡರ್‌ನ ಹಳೆಯ ಆವೃತ್ತಿಗಳೆಲ್ಲ ಅದರ ಜಾಲತಾಣದಲ್ಲಿ ಜಿಪ್ ರೂಪದಲ್ಲಿ ಸಿಗುತ್ತವೆ. ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಬಿಚ್ಚಿಟ್ಟು ಇನ್‌ಸ್ಟಾಲ್ ಮಾಡದೆಯೇ ಓಡಿಸಬಹುದು. ಆದರೆ ಹೊಸದರಲ್ಲಿ ಸೇವ್ ಮಾಡಿದ ಫೈಲನ್ನು ಹಳೆಯದರಲ್ಲಿ ತೆರೆದರೆ ಕೆಲವು ಅಂಶಗಳು ಕಳೆದುಹೋಗಬಹುದು. ಹಳೆಯದರಲ್ಲಿ ಮಾಡಿದ ಫೈಲಿನ ಪ್ರತಿ ಇಟ್ಟುಕೊಂಡು ಎರಡರಲ್ಲೂ ಅದನ್ನೇ ತೆರೆಯುವುದು ಕ್ಷೇಮ. ಇಂದಿನ ದಿನದ ಬಿಲ್ಡ್ ಕೂಡ ಇಳಿಸಿಕೊಂಡು ಒಮ್ಮೆ ನೋಡಿ. ನಿಮ್ಮ ತೊಂದರೆಯನ್ನು ಯಾರೋ ಆಗಲೇ ಸರಿಪಡಿಸಿರಬಹುದು.

ಮೂಲಸಂಕೇತದಿಂದ ಬ್ಲೆಂಡರ್ ಕಟ್ಟಬಲ್ಲವರಾದರೆ ‘ಗಿಟ್ ಬೈಸೆಕ್ಟ್’ ಬಳಸಿ ಇನ್ನೂ ಮುಂದೆ ಹೋಗಬಹುದು. ಸರಿಯಿದ್ದ ದಿನ ಮತ್ತು ಕೆಟ್ಟ ದಿನದ ನಡುವಿನ ಬದಲಾವಣೆಗಳನ್ನು ಅರ್ಧಕ್ಕೆ ಕತ್ತರಿಸಿ ಪರೀಕ್ಷಿಸುತ್ತ ಹೋಗುವುದು ಇದರ ಕ್ರಮ. ಸಾವಿರ ಬದಲಾವಣೆಗಳಿದ್ದರೂ ಸುಮಾರು ಹತ್ತು ಪರೀಕ್ಷೆಗಳಲ್ಲಿ ಆ ಒಂದನ್ನು ಹಿಡಿಯಬಹುದು. ಆದರೆ ಇದು ಎಲ್ಲರಿಂದ ಯಾರೂ ನಿರೀಕ್ಷಿಸುವ ಕೆಲಸವಲ್ಲ.

ಫೈಲನ್ನು ಸವರುವುದು

ಹದಿನೈದು ಪಾತ್ರಗಳ, 2 ಜಿಬಿಯ ದೃಶ್ಯವನ್ನು ಹಾಗೇ ಕಳಿಸಿದರೆ ಅದನ್ನು ಇಳಿಸಿಕೊಂಡು ತಡಕಾಡುವಷ್ಟು ಪುರುಸೊತ್ತು ದೂರು ನೋಡುವವರಿಗೆ ಇರುವುದಿಲ್ಲ. ಫೈಲಿನ ಒಂದು ಪ್ರತಿ ಮಾಡಿಕೊಂಡು ದೃಶ್ಯದ ಅರ್ಧ ಅಳಿಸಿ, ಮತ್ತೆ ಅಳೆಯಿರಿ. ಇನ್ನೂ ನಿಧಾನವಿದ್ದರೆ ಉಳಿದದ್ದರಲ್ಲಿ ಅರ್ಧ ಅಳಿಸಿ. ವೇಗ ಮರಳಿದರೆ ಅನ್‌ಡೂ ಕೊಟ್ಟು ಇನ್ನೊಂದು ಅರ್ಧ ಅಳಿಸಿ. ಹೀಗೆ ಸವರುತ್ತ ಹೋದರೆ ಕೊನೆಗೆ ಉಳಿಯುವುದು ಒಂದು ಮೆಶ್, ಅದರ ಮೇಲೊಂದು ಆರ್ಮೇಚರ್ ಮಾಡಿಫೈಯರ್, ಒಂದು ಶೇಪ್ ಕೀ. ತೊಂದರೆ ಅಲ್ಲೂ ಕಾಣುತ್ತಿದ್ದರೆ ಡೆವಲಪರ್‌ನ ಅರ್ಧ ಕೆಲಸ ನೀವೇ ಮುಗಿಸಿದಂತೆ. ಬಳಕೆಯಾಗದೆ ಉಳಿದ ದತ್ತಾಂಶವನ್ನು ಫೈಲ್ ಮೆನುವಿನ ‘ಕ್ಲೀನ್ ಅಪ್’ನಿಂದ ತೆಗೆದುಹಾಕಿ.

ಸ್ಟುಡಿಯೊಗಳಲ್ಲಿ ಕೆಲಸ ಮಾಡುವವರಿಗೆ ಈ ಹಂತ ಇನ್ನೊಂದು ಕಾರಣಕ್ಕೆ ಕಡ್ಡಾಯ. ದೂರಿಗೆ ಲಗತ್ತಿಸಿದ ಫೈಲ್ ಲೋಕಕ್ಕೆಲ್ಲ ತೆರೆದಿರುತ್ತದೆ. ಗ್ರಾಹಕರ ಪಾತ್ರವನ್ನು ಅಲ್ಲಿ ಹಾಕುವಂತಿಲ್ಲ. ಅದರ ಜಾಗದಲ್ಲಿ ಬ್ಲೆಂಡರ್‌ನ ಕೋತಿಮುಖ ಸುಝಾನಳನ್ನು ಇಟ್ಟು, ಅಷ್ಟೇ ಮುಖಗಳು ಬರುವಂತೆ ಸಬ್‌ಡಿವೈಡ್ ಮಾಡಿ ನೋಡಿ. ಹಲವು ತೊಂದರೆಗಳು ಅದರಲ್ಲೂ ಹಾಗೇ ಕಾಣುತ್ತವೆ. ‘ಸೇವ್ ಸಿಸ್ಟಂ ಇನ್ಫೋ’ದಿಂದ ಬರುವ ಕಡತವನ್ನೂ ಕಳಿಸುವ ಮುನ್ನ ಓದಿ, ಅದರಲ್ಲಿನ ಫೋಲ್ಡರ್ ದಾರಿಗಳಲ್ಲಿ ನಿಮ್ಮ ಹೆಸರು ಇರಬಹುದು.

ಬರೆಯುವುದು

ದೂರು ಇಂಗ್ಲಿಷಿನಲ್ಲೇ ಬರೆಯಬೇಕು. ಇದಕ್ಕೆ ಹೆದರಿ ಸುಮ್ಮನಾಗುವವರು ನಮ್ಮಲ್ಲಿ ಬಹಳ ಎಂಬ ಖೇದ ನನಗಿದೆ. ಅಲ್ಲಿ ಓದುವವರಲ್ಲೂ ಅನೇಕರ ಮಾತೃಭಾಷೆ ಇಂಗ್ಲಿಷ್ ಅಲ್ಲ. ಮೂರು ನಾಲ್ಕು ಪದಗಳ ಸಾಲುಗಳು ಸಾಕು, ವ್ಯಾಕರಣವನ್ನು ಯಾರೂ ತಿದ್ದಲು ಕೂರುವುದಿಲ್ಲ. ತಿರುಳು ಹೀಗಿರಲಿ, ಇಲ್ಲಿನ ಅಂಕಿಗಳು ಮಾದರಿಗಷ್ಟೇ:

‘ಶೇಪ್ ಕೀ ಇರುವ ಮೆಶ್‌ನ ಪ್ಲೇಬ್ಯಾಕ್ ಹೊಸ ಆವೃತ್ತಿಯಲ್ಲಿ ಎರಡು ಪಟ್ಟು ನಿಧಾನ. ಹಳೆಯದರಲ್ಲಿ ಫ್ರೇಮಿಗೆ 20 ಮಿಲಿಸೆಕೆಂಡ್, ಹೊಸದರಲ್ಲಿ 41. ಫ್ಯಾಕ್ಟರಿ ಸೆಟಿಂಗ್ಸ್‌ನಲ್ಲಿ ಅಳೆದದ್ದು, ಮೂರು ಓಟಗಳ ಮಧ್ಯದ ಅಂಕಿ. 1. ಲಗತ್ತಿಸಿದ ಫೈಲ್ ತೆರೆಯಿರಿ. 2. ಸ್ಪೇಸ್‌ಬಾರ್ ಒತ್ತಿ. 3. ಎಡಮೂಲೆಯ ಅಂಕಿ ನೋಡಿ. ಶೇಪ್ ಕೀ ಅಳಿಸಿದರೆ ಎರಡು ಆವೃತ್ತಿಗಳೂ ಒಂದೇ ವೇಗದಲ್ಲಿ ಓಡುತ್ತವೆ.’

ಇದರಲ್ಲಿ ಬೇಸರವಿಲ್ಲ, ಆರೋಪವಿಲ್ಲ. ಕಾರಣ ಏನಿರಬಹುದೆಂಬ ಊಹೆಯೂ ಇಲ್ಲ. ಊಹೆ ಇದ್ದರೆ ಕೊನೆಗೆ ಪ್ರತ್ಯೇಕವಾಗಿ, ಊಹೆ ಎಂದೇ ಹೇಳಿ ಬರೆಯಬಹುದು. ಕಳಿಸುವ ಮುನ್ನ ಇದೇ ದೂರು ಆಗಲೇ ಇದೆಯೇ ಎಂದು ಹುಡುಕಿ. ಇದ್ದರೆ ಹೊಸತು ತೆರೆಯದೆ ಅದರ ಕೆಳಗೆ ನಿಮ್ಮ ಕಾರ್ಡ್‌ನ ಹೆಸರು ಮತ್ತು ನಿಮ್ಮ ಎರಡು ಅಂಕಿಗಳನ್ನು ಸೇರಿಸಿ. ‘ನನಗೂ ಹೀಗೇ ಆಗುತ್ತಿದೆ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ.

ಕಳಿಸಿದ ಮೇಲೆ ಕೆಲಸ ಮುಗಿಯುವುದಿಲ್ಲ. ದೂರುಗಳನ್ನು ವಿಂಗಡಿಸುವ ತಂಡವೊಂದಿದೆ. ಅವರು ನಿಮ್ಮ ಫೈಲನ್ನು ತಮ್ಮ ಯಂತ್ರದಲ್ಲಿ ಓಡಿಸಿ ನೋಡುತ್ತಾರೆ. ತೊಂದರೆ ಕಂಡರೆ ‘ದೃಢಪಟ್ಟಿದೆ’ ಎಂಬ ಚೀಟಿ ಹಚ್ಚುತ್ತಾರೆ, ಕಾಣದಿದ್ದರೆ ‘ಬಳಕೆದಾರರಿಂದ ಮಾಹಿತಿ ಬೇಕು’ ಎಂದು ಹಚ್ಚಿ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಒಂದು ವಾರದೊಳಗೆ ಉತ್ತರ ಬಾರದಿದ್ದರೆ ತೊಂದರೆ ನೀಗಿದೆ ಎಂದು ಭಾವಿಸಿ ದೂರನ್ನು ಮುಚ್ಚುವುದು ಅಲ್ಲಿನ ಪದ್ಧತಿ. ಆದ್ದರಿಂದ ಆ ಮೇಲ್‌ಗಳ ಮೇಲೆ ಕಣ್ಣಿಟ್ಟಿರಿ. ಮುಚ್ಚಿದ ಮೇಲೂ ತೊಂದರೆ ಉಳಿದಿದ್ದರೆ ಕೇಳಿದ ಮಾಹಿತಿಯೊಂದಿಗೆ ಮತ್ತೆ ತಿಳಿಸಬಹುದು.

ಬೇರೆ ಮುಕ್ತ ತಂತ್ರಾಂಶಗಳಲ್ಲೂ ದಾರಿ ಇದೇ. ಕ್ರಿತಾದಲ್ಲಿ ಕೈಯಿಂದ ಬಿಡಿಸುವ ಆ್ಯನಿಮೇಶನ್ ಮಾಡುವವರು ಹೆಲ್ಪ್ ಮೆನುವಿನಲ್ಲೇ ಬಗ್ ದೂರಿಗೆ ಬೇಕಾದ ಸಿಸ್ಟಂ ಮಾಹಿತಿ ಮತ್ತು ಲಾಗ್ ಎರಡನ್ನೂ ಪಡೆಯಬಹುದು. ಅಲ್ಲಿ ಮೊದಲು ನೋಡಬೇಕಾದ್ದು ಸೆಟಿಂಗ್ಸ್‌ನ ಪರ್ಫಾರ್ಮೆನ್ಸ್ ವಿಭಾಗ, ಕ್ರಿತಾ ಎಷ್ಟು ರ್‍ಯಾಮ್ ಬಳಸಬಹುದು ಎಂಬ ಮಿತಿ ಇರುವುದು ಅಲ್ಲಿ. ಸ್ಟುಡಿಯೊ ಘಿಬ್ಲಿ ಬಳಸುತ್ತಿದ್ದ ಟೂನ್ಸ್ 2016ರಲ್ಲಿ ಓಪನ್‌ಟೂನ್ಸ್ ಆಗಿ ಮುಕ್ತವಾಯಿತು, ಅದರ ದೂರುಗಳು ಗಿಟ್‌ಹಬ್‌ಗೆ ಹೋಗುತ್ತವೆ. ಎಲ್ಲ ಕಡೆಯೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ.

ದುಬಾರಿ ವರ್ಕ್‌ಸ್ಟೇಶನ್‌ನಲ್ಲಿ 5 ಮಿಲಿಸೆಕೆಂಡ್‌ನ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ. ಅದೇ ನಷ್ಟ 8 ಜಿಬಿಯ ಲ್ಯಾಪ್‌ಟಾಪ್‌ನಲ್ಲಿ ಹಲವು ಪಟ್ಟಾಗಿ ಕಾಣುತ್ತದೆ. ಕರ್ನಾಟಕದ ಕಾಲೇಜುಗಳಲ್ಲಿ ಆ್ಯನಿಮೇಶನ್ ಕಲಿಯುವ ಮಕ್ಕಳ ಬಳಿ ಇರುವುದು ಹೆಚ್ಚಾಗಿ ಇಂಥ ಯಂತ್ರಗಳೇ, ಹಾಗಾಗಿ ಇಲ್ಲಿಂದ ಹೋಗುವ ಅಳತೆಗೆ ಅಲ್ಲಿ ಬೆಲೆಯಿದೆ. ಮುಂದಿನ ಸಲ ಹೊಸ ಆವೃತ್ತಿ ಹಾಕಿಕೊಂಡಾಗ ಹಳೆಯದರ ಫೋಲ್ಡರನ್ನು ಅಳಿಸಬೇಡಿ. ನಿಧಾನವೆನಿಸಿದ ದಿನ ಎರಡರಲ್ಲೂ ಒಂದೇ ಫೈಲ್ ತೆರೆದು, ಎರಡೂ ಅಂಕಿಗಳನ್ನು ಬರೆದು ಕಳಿಸಿ.